ಸಗಣಿಯ ಅಡಿಯಲ್ಲಿ ಸಿಕ್ಕ ಕೊಂಬಿನ ಹುಳು: ಇದು ಹೊಸ ಪ್ರಭೇದ ಎಂದು ಹೇಳುವುದು ಹೇಗೆ?

ಊರ್ಡಿಗೆರೆ ಮೇಷ್ಟರು
ತುಮಕೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ದೇವರಾಯನದುರ್ಗದ ಬುಡದಲ್ಲಿ ನಮ್ಮದೊಂದು ಸಣ್ಣ ಹೊಲವಿದೆ. ಮೊನ್ನೆ ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ, ಒಣಗಲು ಶುರುವಾಗಿದ್ದ ಸಗಣಿ ತೊಪ್ಪೆಯೊಂದನ್ನು ಕಡ್ಡಿಯಿಂದ ಮಗುಚಿದೆ. ಅಡಿಯಲ್ಲಿ ಹತ್ತಾರು ಹುಳುಗಳು ಮಣ್ಣಿಗೆ ಇಳಿಯುತ್ತಿದ್ದವು. ದೊಡ್ಡವನ್ನು ಅಳೆದರೆ 7 ಮಿಲಿಮೀಟರ್. ತಲೆ ಹಸಿರು ಮಿಶ್ರಿತ ತಾಮ್ರದ ಬಣ್ಣ, ಬೆನ್ನು ಬೆಲ್ಲದ ಬಣ್ಣ, ಅದರ ಮೇಲೆ ಕಪ್ಪು ಚುಕ್ಕೆಗಳು. ತಲೆಯ ಹಿಂಬದಿಯಲ್ಲಿ ಎರಡು ಕೊಂಬು, ಥೇಟ್ ಹಳ್ಳಿಕಾರ್ ಹೋರಿಯವು! ಅದೇ ತೊಪ್ಪೆಯಲ್ಲಿ 5 ಮಿಲಿಮೀಟರಿನ ಇನ್ನೊಂದು ಬಗೆಯೂ ಇತ್ತು. ಅದಕ್ಕೆ ಕೊಂಬೇ ಇಲ್ಲ.

ಮೊಬೈಲಿನ ಆ್ಯಪ್ ಕುಲದ ಹೆಸರು ಮಾತ್ರ ಹೇಳಿ ಸುಮ್ಮನಾಯಿತು: ಆಂಥೊಫೇಗಸ್. ಮೂರು ರಾತ್ರಿ ಅಂತರ್ಜಾಲ ಜಾಲಾಡಿದರೂ ಇದೇ ಚುಕ್ಕೆಗಳ ಚಿತ್ರ ಸಿಗಲಿಲ್ಲ. ಎಂದರೆ ಒಂದೇ ತೊಪ್ಪೆಯಲ್ಲಿ ಎರಡು ಹೊಸ ಪ್ರಭೇದಗಳು. ಒಂದಕ್ಕೆ ಊರಿನ ಹೆಸರು, ಇನ್ನೊಂದಕ್ಕೆ ಜೀವನವಿಡೀ ಕೊಟ್ಟಿಗೆಯಲ್ಲಿ ಸಗಣಿ ಬಾಚಿದ ನಮ್ಮ ಅಜ್ಜಿಯ ಹೆಸರು ಇಡಬೇಕೆಂದಿದ್ದೇನೆ. ಪತ್ರಿಕೆಯಲ್ಲಿರುವ ಗೆಳೆಯರೊಬ್ಬರು ಸುದ್ದಿ ಮಾಡಲು ತಯಾರಿದ್ದಾರೆ. ಮುಂದೆ ಏನು ಮಾಡಬೇಕು?

ಪಾವಗಡದ ಕಡಲೆಕಾಯಿ
ಮೊದಲು ಕೈ ತೊಳೆಯಬೇಕು.

ಜಾಲಿಮರ
ಅಭಿನಂದನೆಗಳು ಮೇಷ್ಟರೇ! ನಮ್ಮ ಜಿಲ್ಲೆಗೆ ಹೆಮ್ಮೆ.

ಹಳೆಯ ಸೂಜಿಪೆಟ್ಟಿಗೆ
ಅಭಿನಂದನೆಯನ್ನು ಸದ್ಯಕ್ಕೆ ಕಟ್ಟಿಡಿ. ಸುದ್ದಿಯ ಗೆಳೆಯರನ್ನೂ ಸ್ವಲ್ಪ ತಡೆಯಿರಿ. ಕೀಟ ಸಂಗ್ರಹಾಲಯವೊಂದರಲ್ಲಿ 31 ವರ್ಷ ಹುಳುಗಳಿಗೆ ಸೂಜಿ ಚುಚ್ಚಿ ನಿವೃತ್ತಿಯಾದ ಅನುಭವದಿಂದ ಹೇಳುತ್ತಿದ್ದೇನೆ.

ನಿಮ್ಮ ಎರಡು ಪ್ರಭೇದಗಳು ಬಹುಶಃ ಒಂದೇ. ಆಂಥೊಫೇಗಸ್ ಕುಲದ ಅನೇಕ ಹುಳುಗಳಲ್ಲಿ ಹೆಣ್ಣಿಗೆ ಕೊಂಬಿರುವುದಿಲ್ಲ. ಗಂಡಿನಲ್ಲಿಯೂ ಎರಡು ಬಗೆ. ತಾಯಿ ಬಿಲದೊಳಗೆ ಸಗಣಿಯ ಉಂಡೆ ಕಟ್ಟಿ ಮೊಟ್ಟೆ ಇಡುತ್ತದೆ. ದೊಡ್ಡ ಉಂಡೆ ತಿಂದು ಬೆಳೆದ ಗಂಡಿಗೆ ದೊಡ್ಡ ಕೊಂಬು. ಉಂಡೆ ಚಿಕ್ಕದಾಗಿದ್ದರೆ ಕೊಂಬಿನ ಜಾಗದಲ್ಲಿ ಬರೀ ಗುಬುಟು. ಕೊಂಬುಳ್ಳವನು ಬಿಲದ ಬಾಗಿಲಲ್ಲಿ ನಿಂತು ಹೆಣ್ಣನ್ನು ಕಾಯುತ್ತಾನೆ. ಕೊಂಬಿಲ್ಲದವನು ಪಕ್ಕದಿಂದ ಕನ್ನ ಕೊರೆದು ಒಳಗೆ ನುಗ್ಗುತ್ತಾನೆ. ಇದನ್ನರಿಯದೆ ಒಂದೇ ಹುಳುವಿಗೆ ಎರಡೆರಡು ಹೆಸರಿಟ್ಟು, ಆಮೇಲೆ ಒಂದನ್ನು ಅಳಿಸಬೇಕಾಗಿ ಬಂದ ದೊಡ್ಡ ವಿದ್ವಾಂಸರೂ ಇದ್ದಾರೆ.

ಇನ್ನು ಚಿತ್ರ ಸಿಗಲಿಲ್ಲ ಎಂಬ ಮಾತು. ಈ ಕುಲವೊಂದರಲ್ಲೇ 2000ಕ್ಕೂ ಹೆಚ್ಚು ಪ್ರಭೇದಗಳಿವೆ. ಅವೆಲ್ಲವೂ ಅಂತರ್ಜಾಲದಲ್ಲಿ ಫೋಟೊ ತೆಗೆಸಿಕೊಂಡು ಕುಳಿತಿಲ್ಲ. ಡೇನರ ನೆಲೆಯಾಗಿದ್ದ ತರಂಗಂಬಾಡಿಯಿಂದ ಹಡಗು ಹತ್ತಿದ ಹುಳುಗಳಿಗೆ ಫ್ಯಾಬ್ರಿಷಿಯಸ್ ಎಂಬಾತ 18ನೆಯ ಶತಮಾನದಲ್ಲೇ ಹೆಸರಿಟ್ಟಿದ್ದಾನೆ. ಆರೋ ಎಂಬುವರು 1931ರಲ್ಲಿ ಬ್ರಿಟಿಷ್ ಇಂಡಿಯಾದ ಸಗಣಿ ಹುಳುಗಳ ಮೇಲೆ 400ಕ್ಕೂ ಹೆಚ್ಚು ಪುಟಗಳ ಸಂಪುಟ ಬರೆದಿದ್ದಾರೆ. ಅದು ಈಗ ಅಂತರ್ಜಾಲದಲ್ಲಿ ಉಚಿತ. ಮೊದಲು ಅದನ್ನು ತೆರೆಯಿರಿ.

ಊರ್ಡಿಗೆರೆ ಮೇಷ್ಟರು
ಸರ್, ಗೌರವದಿಂದಲೇ ಹೇಳುತ್ತೇನೆ. ಬಣ್ಣ ಕೂಡ ಬೇರೆ ಇದೆ. ಚಿಕ್ಕದರ ಬೆನ್ನು ಹೆಚ್ಚು ಕಪ್ಪು.

ಹಳೆಯ ಸೂಜಿಪೆಟ್ಟಿಗೆ
ಸರ್ ಅಲ್ಲ, ಮೇಡಂ. ಬಣ್ಣವನ್ನು ನಂಬಿದವರು ಕೆಟ್ಟರು ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ಗೂಡಿನಿಂದ ಹೊಸದಾಗಿ ಬಂದ ಹುಳು ತಿಳಿ ಬಣ್ಣದ್ದಾಗಿರುತ್ತದೆ, ದಿನ ಕಳೆದಂತೆ ಗಾಢವಾಗುತ್ತದೆ.

ಬೆಂಗಳೂರು ಸೇರಿದ ಮಧುಗಿರಿ
ಇಷ್ಟೆಲ್ಲ ರಗಳೆ ಏಕೆ? ಒಂದು ಕಾಲು ಕಿತ್ತು ಡಿಎನ್‌ಎ ಪರೀಕ್ಷೆಗೆ ಕಳುಹಿಸಿ. ವಾರದಲ್ಲಿ ಉತ್ತರ ಬರುತ್ತದೆ. ಸೂಜಿ, ಭೂತಗನ್ನಡಿ ಇವೆಲ್ಲ ಹಳೆಯ ಕಾಲದ್ದು.

ಹಳೆಯ ಸೂಜಿಪೆಟ್ಟಿಗೆ
ಉತ್ತರವಲ್ಲ, 658 ಅಕ್ಷರಗಳ ಒಂದು ಸಾಲು ಬರುತ್ತದೆ. ಅದನ್ನು ಯಾವುದರೊಡನೆ ಹೋಲಿಸುತ್ತೀರಿ? ನಮ್ಮ ಕಡೆಯ ಎಷ್ಟೋ ಸಗಣಿ ಹುಳುಗಳ ಸಾಲು ಹೋಲಿಕೆಗೆಂದು ಇಟ್ಟಿರುವ ಡಿಎನ್‌ಎ ಭಂಡಾರಕ್ಕೆ ಇನ್ನೂ ಸೇರಿಲ್ಲ. ಹೋಲಿಕೆ ಸಿಗಲಿಲ್ಲ ಎಂದರೆ ಹುಳು ಹೊಸದೆಂದೂ ಆಗಬಹುದು, ಭಂಡಾರ ಖಾಲಿಯೆಂದೂ ಆಗಬಹುದು. ಡಿಎನ್‌ಎ ಬೇಡ ಎನ್ನುತ್ತಿಲ್ಲ. ಎರಡು ಹುಳುಗಳನ್ನು ಗಟ್ಟಿ ಆಲ್ಕೋಹಾಲಿನಲ್ಲಿ ಹಾಕಿಡಿ, ಮುಂದೆ ಬೇಕಾಗುತ್ತದೆ.

ತಿಪಟೂರು ತೆಂಗು
ಹುಳು ಬಲ್ಲವರು ಸೇರಿದ್ದೀರಿ, ಒಂದು ಮಾತು ಕೇಳಿಬಿಡುತ್ತೇನೆ. ನಮ್ಮ ತೋಟದಲ್ಲಿ ಸುಳಿಯ ಗರಿಗಳು ಕತ್ತರಿಯಲ್ಲಿ ಕತ್ತರಿಸಿದ ಬೀಸಣಿಗೆಯ ಹಾಗೆ ಬರುತ್ತಿವೆ. ಇದೂ ಕೊಂಬಿನ ಹುಳುವಿನದೇ ಕೆಲಸವೇ?

ಪಾವಗಡದ ಕಡಲೆಕಾಯಿ
ಅದು ಬೇರೆಯದು ಅಣ್ಣ, ರೈನೋಸೆರಸ್ ದುಂಬಿ. ಮೂಗಿನ ಮೇಲೆ ಒಂದೇ ಕೊಂಬು. ಕೊಕ್ಕೆ ಹಾಕಿ ಸುಳಿಯಿಂದ ಎಳೆದು ತೆಗೆಸಿ. ಮರಿ ಹುಳು ನಿಮ್ಮ ತಿಪ್ಪೆಯಲ್ಲೇ ಬೆಳೆಯುತ್ತಿರುತ್ತದೆ. ಗೊಬ್ಬರದ ಗುಂಡಿಗೆ ಮೆಟಾರೈಜಿಯಂ ಶಿಲೀಂಧ್ರ ಬೆರೆಸಿ. ತಡ ಮಾಡಿದರೆ ಅದು ಮಾಡಿದ ಗಾಯದಲ್ಲಿ ಕೆಂಪು ಮೂತಿ ಹುಳು ಮೊಟ್ಟೆ ಇಡುತ್ತದೆ. ಆಮೇಲೆ ಮರದ ಆಸೆ ಬಿಡಬೇಕಾಗುತ್ತದೆ.

ತಿಪಟೂರು ತೆಂಗು
ಆಯಿತು. ಆದರೆ ನೀವು ದುಂಬಿ ಎನ್ನುತ್ತೀರಿ, ಮೇಷ್ಟರು ಹುಳು ಎನ್ನುತ್ತಾರೆ, ಮಗನ ಪಾಠದ ಪುಸ್ತಕ ಜೀರುಂಡೆ ಎನ್ನುತ್ತದೆ. ಯಾವುದು ಸರಿ?

ಪದಕೋಶದ ಪುಟ
ಈ ಪ್ರಶ್ನೆಗಾಗಿ ಕಾಯುತ್ತಿದ್ದೆ! ದುಂಬಿ ಎಂದರೆ ನಮ್ಮ ಕಾವ್ಯಗಳಲ್ಲಿ ಹೂವಿಗೆ ಮುತ್ತುವ ಕರಿಯ ಜೇನುಜಾತಿಯದು. ಅದಕ್ಕೆ ಬೀಟಲ್‌ನೊಡನೆ ನಂಟಿಲ್ಲ. ಕೃಷಿ ಇಲಾಖೆಯ ಕರಪತ್ರಗಳು ಆ ಪದವನ್ನು ಎತ್ತಿ ಬೀಟಲ್‌ಗೆ ಕೊಟ್ಟವು. ಜೀರುಂಡೆ ಎಂದರೆ ಅರ್ಧ ಕರ್ನಾಟಕಕ್ಕೆ ಮರದಲ್ಲಿ ಜೀರ್ ಎಂದು ಕಿರುಚುವ ಕೀಟ. ಉಳಿದರ್ಧಕ್ಕೆ ಬೀಟಲ್. 4 ಲಕ್ಷದಷ್ಟು ಪ್ರಭೇದಗಳಿಗೆ ಆಗಲೇ ಹೆಸರಿಟ್ಟಾಗಿರುವ ಇಷ್ಟು ದೊಡ್ಡ ಗಣಕ್ಕೆ ಎಲ್ಲರೂ ಒಪ್ಪುವ ಒಂದು ಕನ್ನಡ ಪದವಿಲ್ಲ.

ಜಾಲಿಮರ
ನಮಗಂತೂ ಇತ್ತು. ಜೀರ್ಜಿಂಬೆ! ಬೆಂಕಿಪೊಟ್ಟಣದಲ್ಲಿ ಜಾಲಿ ಸೊಪ್ಪು ಹಾಸಿ ಸಾಕುತ್ತಿದ್ದೆವು. ಪಚ್ಚೆ ಹಸಿರು, ಬಿಸಿಲಿಗೆ ಹಿಡಿದರೆ ಹೊಳೆಯುತ್ತಿತ್ತು. ಕುತ್ತಿಗೆಗೆ ದಾರ ಕಟ್ಟಿ ಹಾರಿಸುತ್ತಿದ್ದೆವು. ಅಕ್ಕಿಕಾಳಿನಂಥ ಮೊಟ್ಟೆ ಇಟ್ಟ ದಿನ ತರಗತಿಯಲ್ಲಿ ನನ್ನದೇ ರಾಜ್ಯಭಾರ. ಪೊಟ್ಟಣವನ್ನು ಗಣಿತದ ಮೇಷ್ಟರು ಕಿತ್ತುಕೊಂಡರು.

ಪದಕೋಶದ ಪುಟ
ಆ ರೆಕ್ಕೆಗಳನ್ನು ಬಟ್ಟೆಯ ಮೇಲೆ ಹೊಲಿಯುವ ಕಸೂತಿ ಕೂಡ ನಮ್ಮ ದೇಶದಲ್ಲಿತ್ತು. 1888ರಲ್ಲಿ ಲಂಡನ್ನಿನಲ್ಲಿ ಎಲೆನ್ ಟೆರಿ ಎಂಬ ನಟಿ ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕೆ ತೊಟ್ಟ ಉಡುಪಿನ ಮೇಲೆ ಸುಮಾರು 1000 ಇಂಥ ರೆಕ್ಕೆಗಳಿದ್ದವಂತೆ.

ಊರ್ಡಿಗೆರೆ ಮೇಷ್ಟರು
ನನ್ನ ಹುಳುವಿಗೆ ಮರಳೋಣವೇ? ಮೇಡಂ, ಆರೋ ಅವರ ಸಂಪುಟ ತೆರೆದೆ. ಇಲ್ಲಿ ಕೊಂಬು ಹೀಗಿದ್ದರೆ ಮುಂದಿನ ಸಂಖ್ಯೆಗೆ ಹೋಗು, ಇಲ್ಲವಾದರೆ ಹಿಂದಿನದಕ್ಕೆ ಹೋಗು ಎಂದು ಹಾವು ಏಣಿ ಆಟ ಆಡಿಸುತ್ತಿದೆ. ಎರಡು ಗಂಟೆ ಆಡಿ ಮೂರು ಸಲ ಹೊರಟಲ್ಲಿಗೇ ಬಂದೆ. ಬೆನ್ನಿನ ಗೆರೆಗಳ ನಡುವಿನ ಚುಚ್ಚುಗುಳಿಗಳು ಒತ್ತಾಗಿವೆಯೇ ವಿರಳವಾಗಿವೆಯೇ ಎಂದು ಕೇಳುತ್ತದೆ. ಯಾವುದಕ್ಕೆ ಹೋಲಿಸಿ ಒತ್ತು, ಯಾವುದಕ್ಕೆ ಹೋಲಿಸಿ ವಿರಳ?

ಹಳೆಯ ಸೂಜಿಪೆಟ್ಟಿಗೆ
ಈಗ ನೀವು ದಾರಿಗೆ ಬಂದಿರಿ. ಆ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿಲ್ಲ, ಪೆಟ್ಟಿಗೆಯಲ್ಲಿದೆ. ಹತ್ತಿರದ ನಾಲ್ಕಾರು ಪ್ರಭೇದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ಒತ್ತು ಎಂದರೆ ಎಷ್ಟು ಎಂದು ಕಣ್ಣಿಗೆ ತಿಳಿಯುವುದು. ಅದಕ್ಕಾಗಿಯೇ ಸಂಗ್ರಹಾಲಯಗಳಿರುವುದು. ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದಲ್ಲಿದೆ, ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿದೆ. ಪತ್ರ ಬರೆದು, ಅನುಮತಿ ಪಡೆದು, ಹುಳು ಹಿಡಿದುಕೊಂಡು ಹೋಗಿ.

ಹೋಗುವ ಮುನ್ನ ಹುಳುವನ್ನು ಸಿದ್ಧ ಮಾಡಿಕೊಳ್ಳಬೇಕು. ದೊಡ್ಡ ಹುಳುವಾದರೆ ಬಲ ಹೊರರೆಕ್ಕೆಯ ಮೂಲಕ ಸೂಜಿ ಇಳಿಸುತ್ತೇವೆ. ಎಡಗಡೆ ಕೆಡದೆ ಉಳಿಯಲಿ ಎಂದು. ನಿಮ್ಮದು ತೀರ ಚಿಕ್ಕದಾದ್ದರಿಂದ ರಟ್ಟಿನ ಸಣ್ಣ ತ್ರಿಕೋನ ಕತ್ತರಿಸಿ, ಅದರ ತುದಿಗೆ ಸಾಸಿವೆಗಿಂತ ಕಡಿಮೆ ಅಂಟು ಮುಟ್ಟಿಸಿ, ಹುಳುವಿನ ಬಲ ಮಗ್ಗುಲನ್ನು ಅಂಟಿಸಿ. ಅಂಟು ಹೆಚ್ಚಾದರೆ ಹೊಟ್ಟೆಯ ಲಕ್ಷಣಗಳೆಲ್ಲ ಮುಚ್ಚಿಹೋಗುತ್ತವೆ.

ಇನ್ನು ಮುಖ್ಯವಾದದ್ದು. ಎರಡು ಪ್ರಭೇದಗಳು ಹೊರಗೆ ಅವಳಿಯ ಹಾಗಿದ್ದರೂ ಗಂಡಿನ ಜನನಾಂಗ ಬೇರೆಯಾಗಿರುತ್ತದೆ. ಒಣಗಿದ ಹುಳುವನ್ನು ಬೆಚ್ಚನೆಯ ನೀರಿನಲ್ಲಿ ಮೆತ್ತಗಾಗಿಸಿ, ಹೊಟ್ಟೆಯ ತುದಿಯಿಂದ ಕೊಕ್ಕೆ ಸೂಜಿಯಲ್ಲಿ ಅದನ್ನು ಹೊರತೆಗೆಯಬೇಕು. ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಬಿಸಿ ಮಾಡಿದರೆ ಮಾಂಸ ಕರಗಿ, ಕಂದು ಬಣ್ಣದ ಗಟ್ಟಿ ಭಾಗ ಉಳಿಯುತ್ತದೆ. ನಿಮ್ಮ ಹುಳುವಿನಲ್ಲಿ ಅದು ಹೆಚ್ಚೆಂದರೆ ಜೀರಿಗೆಯ ಅರ್ಧದಷ್ಟಿರಬಹುದು. ಮೊದಲ ಸಲ ತೆಗೆದಾಗ ನಾನು ಸೀನಿದೆ. ಹಾರಿಹೋಯಿತು. ಆ ಮೇಜಿನ ಕೆಳಗೆ ಮೊಣಕಾಲೂರಿ ಸಂಜೆಯವರೆಗೂ ಹುಡುಕಿದ್ದೇನೆ. ಸಿಗಲಿಲ್ಲ.

ಪಾವಗಡದ ಕಡಲೆಕಾಯಿ
ಮೇಡಂ, ಇದನ್ನು ಓದಿ ಚಹಾ ಮೂಗಿಗೆ ಹತ್ತಿತು.

ಮಳೆಬಿಲ್ಲು, ಚಿಕ್ಕಬಳ್ಳಾಪುರ
ನನಗೆ ನಗು ಬರುತ್ತಿಲ್ಲ. ಹೆಸರಿಡಬೇಕೆಂದು ಕೊಲ್ಲುವುದು ಯಾವ ನ್ಯಾಯ? ನಾನು ನಂದಿ ಬೆಟ್ಟದಲ್ಲಿ ಹತ್ತು ವರ್ಷಗಳಿಂದ ಕೀಟಗಳ ಫೋಟೊ ತೆಗೆಯುತ್ತಿದ್ದೇನೆ, ಒಂದನ್ನೂ ಕೊಂದಿಲ್ಲ. 2006ರಲ್ಲಿ ಅರುಣಾಚಲ ಪ್ರದೇಶದ ಬುಗುನ್ ಲಿಯೊಸಿಕ್ಲಾ ಎಂಬ ಹೊಸ ಹಕ್ಕಿಗೆ ಹೆಸರಿಡುವಾಗ ಅದನ್ನು ಹಿಡಿದು, ಉದುರಿದ ಗರಿ, ಫೋಟೊ, ಅಳತೆ ಇಟ್ಟುಕೊಂಡು ಹಾರಲು ಬಿಟ್ಟರಲ್ಲ. ಹಕ್ಕಿಗೊಂದು ನ್ಯಾಯ, ಹುಳುವಿಗೊಂದು ನ್ಯಾಯವೇ?

ಹಳೆಯ ಸೂಜಿಪೆಟ್ಟಿಗೆ
ಪ್ರಶ್ನೆ ಸರಿಯಾಗಿದೆ, ಉತ್ತರ ನಿಮಗೆ ಹಿಡಿಸಲಿಕ್ಕಿಲ್ಲ. ಆ ಹಕ್ಕಿಯ ಗುರುತು ಗರಿಯ ಮೇಲಿತ್ತು. ಈ ಹುಳುವಿನ ಗುರುತು ಹೊಟ್ಟೆಯೊಳಗಿದೆ. ಹೊಸ ಪ್ರಭೇದವನ್ನು ಪ್ರಕಟಿಸುವಾಗ ಒಂದು ಮಾದರಿಯನ್ನು ಹೋಲೋಟೈಪ್ ಎಂದು ಗೊತ್ತುಮಾಡುತ್ತೇವೆ. ಮುಂದೆ 200 ವರ್ಷದ ಬಳಿಕ ಯಾರಿಗಾದರೂ ಅನುಮಾನ ಬಂದರೆ ಆ ಒಂದು ಹುಳುವೇ ಸಾಕ್ಷಿ. ಹಾಗೆಂದು ತೊಪ್ಪೆಯಲ್ಲಿದ್ದುದನ್ನೆಲ್ಲ ಬಾಚಿಕೊಳ್ಳುವುದು ತಪ್ಪು. ಮೇಷ್ಟರಿಗೆ ಗಂಡು ಹೆಣ್ಣು ಸೇರಿ ಹತ್ತು ಹನ್ನೆರಡು ಸಾಕು.

ಮಳೆಬಿಲ್ಲು, ಚಿಕ್ಕಬಳ್ಳಾಪುರ
ಒಪ್ಪಿದೆ ಎಂದು ಹೇಳುವುದಿಲ್ಲ. ಹತ್ತು ಹನ್ನೆರಡು ಎಂಬ ಲೆಕ್ಕ ನೆನಪಿಟ್ಟುಕೊಳ್ಳುತ್ತೇನೆ.

ಪಾವಗಡದ ಕಡಲೆಕಾಯಿ
ಮುಂಗಾರಿನ ಮೊದಲ ಮಳೆಯ ಸಂಜೆ ನಾವು ಬೇವಿನ ಮರ ಅಲ್ಲಾಡಿಸಿ ಗೊಣ್ಣೆ ಹುಳುವಿನ ದುಂಬಿಗಳನ್ನು ಬಕೆಟ್‌ಗಟ್ಟಲೆ ಸೀಮೆಎಣ್ಣೆ ನೀರಿಗೆ ಸುರಿಯುತ್ತೇವೆ. ಇಲ್ಲದಿದ್ದರೆ ಬೇರು ತಿಂದು ಕಡಲೆಕಾಯಿ ಗಿಡ ನಿಂತಲ್ಲೇ ಒಣಗುತ್ತದೆ. ನನ್ನ ಪಾಪದ ಲೆಕ್ಕ ಯಾರು ಇಡುತ್ತಾರೋ!

ಕೋಲಾರದ ಓಟೆ ಹುಳು
ಎಲ್ಲರೂ ಸಂಗ್ರಹಾಲಯ ಎನ್ನುತ್ತೀರಿ. ನನ್ನ ಕಥೆ ಕೇಳಿ. ಅಂತರಗಂಗೆ ಬೆಟ್ಟದ ಕಡೆ ಸಿಕ್ಕ ಉದ್ದ ಮೀಸೆಯ ಹುಳುವೊಂದನ್ನು ಗುರುತಿಸಿಕೊಡಿ ಎಂದು ಒಂದು ಸಂಸ್ಥೆಗೆ ಕೊರಿಯರ್ ಮಾಡಿದೆ. ಎರಡು ವರ್ಷ ಉತ್ತರವಿಲ್ಲ. ಖುದ್ದಾಗಿ ಹೋದರೆ ಪೊಟ್ಟಣವನ್ನು ಒಡೆದೇ ಇರಲಿಲ್ಲ. ಒಡೆದು ನೋಡಿದರೆ ಒಳಗೆ ಸೂಜಿಯೊಂದು, ಅದರ ಕೆಳಗೆ ಚಿಟಿಕೆಯಷ್ಟು ಪುಡಿ. ಬೇರೆ ಹುಳು ತಿಂದು ಮುಗಿಸಿತ್ತು.

ಹಳೆಯ ಸೂಜಿಪೆಟ್ಟಿಗೆ
ಓದಿ ಹೊಟ್ಟೆ ಉರಿಯಿತು. ತಿಂದದ್ದು ಡರ್ಮೆಸ್ಟಿಡ್ ಕುಟುಂಬದ ಹುಳುವಿರಬೇಕು, ಅದೂ ಬೀಟಲ್ಲೇ. ನ್ಯಾಫ್ತಲೀನ್ ಗುಳಿಗೆ ತೀರಿದ್ದು ಗೊತ್ತಾಗದಿದ್ದರೆ ನೂರು ವರ್ಷದ ಸಂಗ್ರಹವನ್ನೂ ಮುಗಿಸುತ್ತದೆ. ಸಂಸ್ಥೆಗಳ ಪರವಾಗಿ ಒಂದು ಮಾತು: ಹುಳು ಕಳುಹಿಸುವವರು ನೂರು ಜನ, ಆ ಗುಂಪನ್ನು ಬಲ್ಲವರು ಒಬ್ಬರೋ ಇಬ್ಬರೋ. ನಾನು ನಿವೃತ್ತಿಯಾದ ಮೇಲೆ ನನ್ನ ಕುರ್ಚಿಗೆ ಯಾರೂ ಬಂದಿಲ್ಲ.

ಕೋಲಾರದ ಓಟೆ ಹುಳು
ಉತ್ತರ ಬರೆಯಲು ಕುರ್ಚಿ ಬೇಕಿಲ್ಲ ಮೇಡಂ, ಒಂದು ಕಾರ್ಡು ಸಾಕು.

ಹಳೆಯ ಸೂಜಿಪೆಟ್ಟಿಗೆ
ಸರಿ. ಅದಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ.

ಬೆಂಗಳೂರು ಸೇರಿದ ಮಧುಗಿರಿ
ಹೆಸರಿನ ವಿಚಾರಕ್ಕೆ ಬನ್ನಿ. ಟುಮಕೂರೆನ್ಸಿಸ್ ಎಂದಿಡಿ, ಬೋರ್ಡು ಹಾಕಿಸೋಣ.

ಪದಕೋಶದ ಪುಟ
ತುಮಕೂರೆನ್ಸಿಸ್! ಟ ಅಲ್ಲ, ತ.

ಹಳೆಯ ಸೂಜಿಪೆಟ್ಟಿಗೆ
ಎನ್ಸಿಸ್ ಎಂದರೆ ಆ ಊರಿನದು ಎಂದರ್ಥ. ಅಜ್ಜಿಯ ಹೆಸರಿಡುವುದಾದರೆ ಹೆಂಗಸಾದ್ದರಿಂದ ಕೊನೆಗೆ ಎ ಮತ್ತು ಇ ಅಕ್ಷರಗಳು, ಗಂಡಸಾದರೆ ಬರೀ ಐ. ಒಮ್ಮೆ ಪ್ರಕಟವಾದ ಮೇಲೆ ಬದಲಾಯಿಸುವಂತಿಲ್ಲ. 1996ರಲ್ಲಿ ಮದ್ರಾಸು ಚೆನ್ನೈ ಆಯಿತು, ಆದರೆ ನಿಮ್ಮೂರ ಕೆರೆಯಂಗಳದ ಕಪ್ಪುಬಿಳಿ ಕುಂಡೆಕುಸ್ಕ ಹಕ್ಕಿ ಇವತ್ತಿಗೂ ಮೊಟಾಸಿಲ್ಲಾ ಮದರಾಸ್ಪಟೆನ್ಸಿಸ್. 2014ಕ್ಕೆ ಮೊದಲು ಯಾರಾದರೂ ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ ತುಮಕೂರಿನ ಹೆಸರಿಟ್ಟಿದ್ದರೆ ಅದು ಹಾಗೆಯೇ ಉಳಿಯುತ್ತದೆ. ಸ್ಲೊವೇನಿಯಾದ ಗುಹೆಯಲ್ಲಿ ಕಣ್ಣಿಲ್ಲದ ಒಂದು ಹುಳುವಿದೆ. 1937ರಲ್ಲಿ ಅದಕ್ಕೆ ಹಿಟ್ಲರನ ಹೆಸರಿಟ್ಟರು. ಇಂದಿಗೂ ಅದು ಅನಾಫ್ತಾಲ್ಮಸ್ ಹಿಟ್ಲೆರಿ. ಆ ಹೆಸರಿನ ಹುಚ್ಚಿಗೆ ಜನ ಕದ್ದು ಹಿಡಿದು ಮಾರುತ್ತಾರೆ. ಪಾಪ, ಕಣ್ಣೂ ಇಲ್ಲದ ಹುಳು, ಅದೇನು ಮಾಡಿತ್ತು?

ಪಾವಗಡದ ಕಡಲೆಕಾಯಿ
ಸಗಣಿ ಹುಳುವಿಗೆ ನಮ್ಮ ಹಳೆಯ ಮೇಲಧಿಕಾರಿಯ ಹೆಸರಿಡಬಹುದೇ? ಖರ್ಚು ನಾನು ಕೊಡುತ್ತೇನೆ.

ಹಳೆಯ ಸೂಜಿಪೆಟ್ಟಿಗೆ
ಮನಸ್ಸು ನೋಯಿಸುವ ಹೆಸರಿಡಬಾರದೆಂದು ನಾಮಕರಣ ಸಂಹಿತೆಯ ನೀತಿಪಾಠ ಹೇಳುತ್ತದೆ. ಅದಿರಲಿ, ಸಗಣಿ ಹುಳುವಿನ ಹೆಸರು ಅವಮಾನವೆಂದು ಯಾರು ಹೇಳಿದರು? ಆಸ್ಟ್ರೇಲಿಯಾದವರನ್ನು ಕೇಳಿ. ಅಲ್ಲಿನ ಹುಳುಗಳಿಗೆ ಕಾಂಗರೂ ಹಿಕ್ಕೆ ಗೊತ್ತಿತ್ತು, ದನದ ಸಗಣಿ ಗೊತ್ತಿರಲಿಲ್ಲ. ಹುಲ್ಲುಗಾವಲಿನಲ್ಲಿ ತೊಪ್ಪೆಗಳು ಕರಗದೆ ಉಳಿದು ನೊಣ ಮುತ್ತಿ, ಕಡೆಗೆ 1968ರಿಂದ ಹೊರದೇಶಗಳ ಸಗಣಿ ಹುಳುಗಳನ್ನು ತಂದು ಬಿಟ್ಟರು. ಮೇಷ್ಟರೇ, ಅಜ್ಜಿಯ ಹೆಸರು ಒಳ್ಳೆಯ ಆಯ್ಕೆ. ಆದರೆ ಹುಳು ಹೊಸದಾಗಿದ್ದರೆ ಮಾತ್ರ. ಇಲ್ಲಿ, ಫೇಸ್‌ಬುಕ್ಕಿನಲ್ಲಿ, ಸುದ್ದಿಯಲ್ಲಿ ಈಗಲೇ ಹೆಸರು ಹೇಳಬೇಡಿ. ವಿವರಣೆಯಿಲ್ಲದೆ ತೇಲಿಬಿಟ್ಟ ಹೆಸರಿಗೆ ಬೆಲೆಯಿಲ್ಲ. ಲೇಖನ ಅಚ್ಚಿನಲ್ಲಿ ಬರಬೇಕು. ಬರೀ ಅಂತರ್ಜಾಲದ ಪತ್ರಿಕೆಯಾದರೆ ಪ್ರಾಣಿಗಳ ಹೆಸರುಗಳ ಅಧಿಕೃತ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿಯಾಗಿರಬೇಕು.

ಜಾಲಿಮರ
ಸಗಣಿಯವನೊಡನೆ ಸರಸಕ್ಕಿಂತ ಗಂಧದವನೊಡನೆ ಗುದ್ದಾಟ ಲೇಸು ಎಂಬ ಗಾದೆ ಕಟ್ಟಿದವರು ಈ ಚರ್ಚೆ ಓದಬೇಕಿತ್ತು.

ಕಾಗದಪತ್ರ
ಯಾರೂ ಕಾನೂನಿನ ಮಾತೆತ್ತಿಲ್ಲ. ದೇವರಾಯನದುರ್ಗ ಮೀಸಲು ಅರಣ್ಯ. ಗಡಿಯೊಳಗೆ ಒಂದು ಹುಳು ಹಿಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಜೈವಿಕ ವೈವಿಧ್ಯ ಕಾಯ್ದೆ, 2002ರ 39ನೆಯ ಸೆಕ್ಷನ್ ಪ್ರಕಾರ ಹೊಸ ಪ್ರಭೇದ ಕಂಡುಹಿಡಿದವರು ಸರ್ಕಾರ ಗೊತ್ತುಮಾಡಿದ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಒಪ್ಪಿಸಬೇಕು. ಕೋಲ್ಕತ್ತಾದಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಪ್ರಾಣಿ ಸರ್ವೇಕ್ಷಣೆ ಅಂಥದೊಂದು. ವಿದೇಶಿ ತಜ್ಞರಿಗೆ ಹುಳುವನ್ನು ಸುಮ್ಮನೆ ಅಂಚೆಗೆ ಹಾಕುವಂತಿಲ್ಲ.

ಊರ್ಡಿಗೆರೆ ಮೇಷ್ಟರು
ನಮ್ಮದು ಪಟ್ಟಾ ಜಮೀನು. ಬೇಲಿಯ ಆಚೆ ಕಾಡು, ಈಚೆ ನಮ್ಮ ಹಸು. ಹಸು ಮಾತ್ರ ಎರಡೂ ಕಡೆ ಮೇಯುತ್ತದೆ.

ಕಾಗದಪತ್ರ
ಆ ಕೊನೆಯ ವಾಕ್ಯವನ್ನು ಅರ್ಜಿಯಲ್ಲಿ ಬರೆಯಬೇಡಿ.

ಊರ್ಡಿಗೆರೆ ಮೇಷ್ಟರು
ಒಂದು ವಾರ ಇತ್ತ ಬರಲಾಗಲಿಲ್ಲ. ಶಾಲೆಯ ಸೂಕ್ಷ್ಮದರ್ಶಕದಡಿ ಹನ್ನೊಂದು ಹುಳುಗಳನ್ನು ಒಂದೊಂದಾಗಿ ಇಟ್ಟು ನೋಡಿದೆ. ಮೇಡಂ ಹೇಳಿದ್ದೇ ನಿಜ. ಉದ್ದ ಕೊಂಬು, ಗಿಡ್ಡ ಕೊಂಬು, ಬರೀ ಗುಬುಟು ಎಂದು ಸಾಲಾಗಿ ಜೋಡಿಸಿದರೆ ನಡುವೆ ಗೆರೆ ಎಳೆಯಲು ಜಾಗವೇ ಇಲ್ಲ. ಪ್ರಭೇದ ಒಂದೇ. ಕೊಂಬಿನ ಬುಡದ ಒಳಬದಿಯಲ್ಲಿ ಒಂದು ಪುಟ್ಟ ಹಲ್ಲಿದೆ, ದೊಡ್ಡ ಗಂಡುಗಳಲ್ಲೆಲ್ಲ ಇದೆ. ಆರೋ ಅವರ ಸಂಪುಟದಲ್ಲಿ ನಾನು ತಲುಪಿದ ಎರಡು ಪ್ರಭೇದಗಳ ವಿವರಣೆಯಲ್ಲಿ ಈ ಹಲ್ಲಿನ ಮಾತಿಲ್ಲ. ಅಷ್ಟು ಮಾತ್ರ ಹೇಳುತ್ತೇನೆ, ಹೊಸದು ಎನ್ನುವುದಿಲ್ಲ.

ಹಳೆಯ ಸೂಜಿಪೆಟ್ಟಿಗೆ
ಒಳಬದಿಯ ಹಲ್ಲೇ? ಬಲಗಡೆ ಎಡಗಡೆ ಎರಡೂ ಕೊಂಬಿನಲ್ಲಿದೆಯೇ? ಪಕ್ಕದಿಂದ ಫೋಟೊ ತೆಗೆದು ಹಾಕಿ. ಅದಕ್ಕೂ ಮೊದಲು ಪ್ರತಿ ಹುಳುವಿನ ಕೆಳಗಿನ ಚೀಟಿಯಲ್ಲಿ ಏನು ಬರೆದಿದ್ದೀರಿ ಎಂದು ಇಲ್ಲಿ ಹಾಕಿ.

ಊರ್ಡಿಗೆರೆ ಮೇಷ್ಟರು
ಚೀಟಿ ಎಂದರೆ, ಒಂದು ಎರಡು ಮೂರು ಎಂದು ಸಂಖ್ಯೆ ಬರೆದಿದ್ದೇನೆ.

ಹಳೆಯ ಸೂಜಿಪೆಟ್ಟಿಗೆ
ಅಯ್ಯೋ ಮೇಷ್ಟರೇ! ಊರು, ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ತಾರೀಕು, ಯಾವ ಪ್ರಾಣಿಯ ಸಗಣಿ, ಹಿಡಿದವರ ಹೆಸರು. ಚೀಟಿಯಿಲ್ಲದ ಹುಳು ಚೆಂದದ ಕಸ. ನೆನಪು ಹಸಿಯಾಗಿರುವಾಗ ಇವತ್ತೇ ಬರೆಯಿರಿ, ಪೆನ್ನಿನ ಶಾಯಿ ಬೇಡ, ಪೆನ್ಸಿಲ್ಲಿನಲ್ಲಿ. ಯಾವ ಹುಳುವನ್ನು ಯಾವ ದಿನ ಹಿಡಿದಿರಿ ಎಂಬ ಅನುಮಾನವಿದ್ದರೆ ಆ ಹುಳುವನ್ನು ಬದಿಗಿಡಿ, ಅಂದಾಜಿನ ತಾರೀಕು ಹಾಕಬೇಡಿ.

ಊರ್ಡಿಗೆರೆ ಮೇಷ್ಟರು
ಹನ್ನೊಂದರಲ್ಲಿ ಐದನ್ನು ಬದಿಗಿಟ್ಟೆ. ಉದ್ದ ಕೊಂಬಿನ ಎರಡು ಗಂಡುಗಳೂ ಆ ಐದರಲ್ಲೇ ಇವೆ. ಮತ್ತೊಂದು ಒಳ್ಳೆಯ ಮಳೆಗಾಗಿ ಕಾಯಬೇಕು.

ಮಳೆಬಿಲ್ಲು, ಚಿಕ್ಕಬಳ್ಳಾಪುರ
ಮಳೆ ಬಂದರೆ ತಿಳಿಸಿ, ಮ್ಯಾಕ್ರೊ ಲೆನ್ಸ್ ಹಿಡಿದುಕೊಂಡು ಬರುತ್ತೇನೆ. ಹಲ್ಲಿನ ಫೋಟೊ ನನ್ನ ಜವಾಬ್ದಾರಿ. ಕೊಲ್ಲುವಾಗ ಮಾತ್ರ ನಾನು ಆಚೆ ನಿಲ್ಲುತ್ತೇನೆ.

ಹಳೆಯ ಸೂಜಿಪೆಟ್ಟಿಗೆ
ತುಮಕೂರಿನವರೆಗೆ ರೈಲಿನಲ್ಲಿ ನಾನೂ ಬರುತ್ತೇನೆ. ನನ್ನ ಕೊಕ್ಕೆ ಸೂಜಿಗಳಿಗೆ ತುಕ್ಕು ಹಿಡಿಯುತ್ತಿದೆ. ಹಸುವಿಗೆ ಜಂತುಹುಳುವಿನ ಔಷಧ ಕೊಟ್ಟಿದ್ದೀರಾ? ಐವರ್‌ಮೆಕ್ಟಿನ್ ಕೊಟ್ಟ ಹಸುವಿನ ಸಗಣಿಯಲ್ಲಿ ಮರಿ ಹುಳುಗಳು ಬದುಕುವುದಿಲ್ಲ.

ಊರ್ಡಿಗೆರೆ ಮೇಷ್ಟರು
ಇಲ್ಲ ಮೇಡಂ, ಕೊಟ್ಟಿಲ್ಲ. ಆದರೆ ಇನ್ನೊಂದು ತೊಂದರೆಯಿದೆ. ವಿಷಯ ತಿಳಿದ ನಮ್ಮ ತಾಯಿ ನಾಲ್ಕು ದಿನದಿಂದ ಹೊಲದಲ್ಲಿ ಒಂದು ತೊಪ್ಪೆಯನ್ನೂ ಬಿಡದೆ ಬಾಚಿ ತಿಪ್ಪೆಗೆ ಹಾಕುತ್ತಿದ್ದಾರೆ. ಬರುವವರು ಹೊಲವನ್ನು ಕೊಳಕು ಎಂದುಕೊಳ್ಳಬಾರದಂತೆ.

ಪಾವಗಡದ ಕಡಲೆಕಾಯಿ
ನಾನು ಒಂದು ಬುಟ್ಟಿ ತರಲೇ?

ಹಳೆಯ ಸೂಜಿಪೆಟ್ಟಿಗೆ
ತರಬೇಡಿ! ಅದರಲ್ಲಿ ಪಾವಗಡದ ಹುಳುಗಳು ಬರುತ್ತವೆ. ಮೇಷ್ಟರೇ, ತಾಯಿಯವರಿಗೆ ಫೋನ್ ಕೊಡಿ, ನಾನು ಮಾತನಾಡುತ್ತೇನೆ.